ಸತ್ತ ಗಿಡದ ಫೋಟೊ ಹಾಕಿದವರಿಗೆ ಮಾತ್ರ

ತನ್ನ ಸರಕನ್ನು ತಾನೇ ಹೊಗಳುವುದು ಎಷ್ಟು ಕಷ್ಟದ ವಿದ್ಯೆ ಎಂಬುದು ಏನನ್ನೂ ಮಾರದವರಿಗೆ ಗೊತ್ತಾಗುವುದಿಲ್ಲ. ಬೆಳಗಿನ ಹೊತ್ತು ಬೀದಿಯಲ್ಲಿ ಸೊಪ್ಪು ಕೂಗುತ್ತಾ ಹೋಗುವವರ ಬಗ್ಗೆ ನನಗೆ ಸಂಗೀತಗಾರರ ಬಗ್ಗೆ ಇರುವಷ್ಟೇ ಗೌರವವಿದೆ. ನಾನು ಓದಿದ್ದು ಮಣ್ಣಿನ ವಿಜ್ಞಾನ. ಆ ಓದಿನಲ್ಲಿ ಯಾವ ಮಾತಿಗೂ ‘ಸಾಮಾನ್ಯವಾಗಿ’, ‘ಕೆಲವು ಸಂದರ್ಭಗಳಲ್ಲಿ’ ಎಂಬ ಬಾಲ ಇರಲೇಬೇಕು. ಓದು ಮುಗಿಸಿ ಶಿಕಾರಿಪುರದ ನಮ್ಮ ಮನೆಯ ಮುಂದೆಯೇ ಕುಂಡದ ಮಣ್ಣು ಕಲಸಿ ಮಾರಲು ಶುರುಮಾಡಿದೆ. ಕೆರೆಯ ಗೋಡುಮಣ್ಣು, ಎರೆಗೊಬ್ಬರ, ಸುಟ್ಟ ಭತ್ತದ ಹೊಟ್ಟು, ಒಂದಿಷ್ಟು ಮರಳು. ‘ಇದನ್ನ ಹಾಕಿದ್ರೆ ಗಿಡ ಚೆನ್ನಾಗಿ ಬರುತ್ತೇನ್ರಿ?’ ಎಂದು ಯಾರಾದರೂ ಕೇಳಿದರೆ, ‘ನೀವು ನೀರು ಎಷ್ಟು ಹಾಕ್ತೀರಿ, ಬಿಸಿಲು ಹೇಗಿದೆ, ಅದನ್ನೆಲ್ಲ ನೋಡಿ ಹೇಳಬೇಕಾಗುತ್ತೆ’ ಎನ್ನುತ್ತೇನೆ. ಅವರೂ ‘ನೋಡಿ ಬರ್ತೀನಿ’ ಎಂದು ಹೊರಟುಹೋಗುತ್ತಾರೆ.

ಇಂಥವಳಿಗೆ ಹೇಳಿ ಮಾಡಿಸಿದಂತೆ ಸಿಕ್ಕಿದ್ದು ಡೇರೆ ಬೆಳೆಯುವವರ ಒಂದು ಫೋನಿನ ಗುಂಪು. ಪೇಟೆಯವರು ಡೇಲಿಯಾ ಎನ್ನುವ ಹೂವು ನಮ್ಮ ಕಡೆ ಡೇರೆ. ಮಳೆಗಾಲ ಬಂತೆಂದರೆ ಈ ಗುಂಪಿನವರಿಗೆ ಮಕ್ಕಳ ಪರೀಕ್ಷೆಯೂ ನೆನಪಿರುವುದಿಲ್ಲ. ಇದನ್ನು ನಡೆಸುವವರು ಸೊರಬದಲ್ಲಿ ಬಳೆ ಅಂಗಡಿ ಇಟ್ಟಿರುವ ಮುಮ್ತಾಜಕ್ಕ. ಗುಂಪಿನಲ್ಲಿ ಡೇರೆ ನೆಡುವ ಗಡ್ಡೆಯನ್ನು ಯಾರೂ ಮಾರುವಂತಿಲ್ಲ. ಕೇಳಿದವರಿಗೆ ಸುಮ್ಮನೆ ಕೊಡಬೇಕು. ಕುಂಡ, ಗೊಬ್ಬರ, ಮಣ್ಣು ಮಾರಬಹುದು, ಆದರೆ ಅದಕ್ಕೊಂದು ಮರ್ಯಾದೆ ಇದೆ. ಮಾರುವವರು ತಾವು ಮಾರುವವರೆಂದು ಮೊದಲೇ ಹೇಳಿಕೊಳ್ಳಬೇಕು. ಯಾರದಾದರೂ ಗಿಡ ಬಾಡಿದೆ ಎಂದು ಗೋಳಾಡುತ್ತಿರುವಾಗ ನಡುವೆ ನುಗ್ಗಿ ‘ನಮ್ಮ ಗೊಬ್ಬರ ತಗೊಳ್ಳಿ’ ಎನ್ನಬಾರದು. ಸಾವಿನ ಮನೆಯಲ್ಲಿ ಚಟ್ಟದ ಬಿದಿರು ಮಾರಿದ ಹಾಗಾಗುತ್ತದೆ ಎಂಬುದು ಮುಮ್ತಾಜಕ್ಕನ ವಾದ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು, ತಮ್ಮ ಸರಕಿನಲ್ಲಿ ಸತ್ತ ಒಂದು ಗಿಡದ ಫೋಟೊ ಹಾಕಿ, ಅದು ಯಾಕೆ ಸತ್ತಿತೆಂದು ಹೇಳಿದ ಮೇಲೆಯೇ ವ್ಯಾಪಾರದ ಮಾತೆತ್ತಬೇಕು ಎಂಬ ಪದ್ಧತಿ. ಜಗತ್ತಿನ ಎಲ್ಲ ಜಾಹೀರಾತುಗಳಿಗೂ ಈ ಪದ್ಧತಿ ಬಂದರೆ ಎಷ್ಟು ಚೆನ್ನ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಹೊಗಳಿಕೊಳ್ಳಲು ಬಾರದಿದ್ದರೂ ಸೋತದ್ದನ್ನು ಕಾರಣ ಸಮೇತ ಹೇಳಲು ನನಗೆ ಚೆನ್ನಾಗಿ ಬರುತ್ತದೆ. ಬೇರು ಕೊಳೆತ ಒಂದು ಕೆಂಪು ಡೇರೆಯ ಫೋಟೊ ಹಾಕಿ, ಮರಳು ಕಡಿಮೆಯಾಗಿ ನೀರು ನಿಂತದ್ದನ್ನು ವಿವರವಾಗಿ ಬರೆದೆ. ನಿಧಾನವಾಗಿ ಒಬ್ಬೊಬ್ಬರೇ ಮಣ್ಣು ಕೇಳತೊಡಗಿದರು.

ಆ ಫೋಟೊ ನೋಡಿ ಗಾಬರಿಯಾದವರು ನಮ್ಮ ಅಪ್ಪಾಜಿ. ಪೇಟೆಯಲ್ಲಿ ಬೆಲ್ಲದ ಅಂಗಡಿ ಇಟ್ಟು ತಲೆ ಹಣ್ಣಾದವರು. ‘ಅಂಗಡಿ ಬಾಗಿಲಿಗೆ ಹೆಣ ನೇತುಹಾಕಿ ವ್ಯಾಪಾರ ಮಾಡ್ತಾರೇನವ್ವಾ? ನಾನೂ ನಮ್ಮ ಅಂಗಡಿ ಮುಂದ ಇರುವೆ ಬಿದ್ದ ಬೆಲ್ಲ ಇಡ್ಲೇನು?’ ಎಂದು ಕೇಳಿದರು. ಅದು ಅಲ್ಲಿಗೇ ಮುಗಿಯಿತೆಂದುಕೊಂಡಿದ್ದೆ. ಶ್ರಾವಣದಲ್ಲಿ ಗುಂಪಿನವರೆಲ್ಲ ಹೂ ಹಿಡಿದು ಸೊರಬದ ಒಂದು ಕಲ್ಯಾಣ ಮಂಟಪದಲ್ಲಿ ಸೇರುತ್ತಾರೆ. ಆ ಸಲ ಅಲ್ಲಿ ನನಗೂ ಒಂದು ಮೇಜು ಕೊಡುವುದಾಗಿ ಹೇಳಿದ್ದರು. ನನ್ನ ವರ್ಷದ ವ್ಯಾಪಾರವೆಲ್ಲ ಆ ಮೇಜಿನ ಮೇಲೆ ನಿಂತಿತ್ತು. ಮಳೆಗಾಲಕ್ಕೆ ಮುಂಚೆಯೇ ಮಣ್ಣು ಕಲಸಿ ಚೀಲ ಒಟ್ಟಿದ್ದೆ.

ಒಂದು ಮಧ್ಯಾಹ್ನ ಗುಂಪಿನಲ್ಲಿ ‘ಹೂವಿನ ಪ್ರೇಮಿ’ ಎಂಬ ಹೊಸಬರೊಬ್ಬರು ಮಾತಾಡಿದರು. ‘ಎಲ್ರಿಗೂ ನಮಸ್ಕಾರ. ನಮ್ಮ ಮನಿ ಡೇರೆ ಬಳ್ಳಿ ಎರಡನೇ ಮಾಳಿಗಿ ತನಕ ಹಬ್ಬೇತಿ. ಶಿಕಾರಿಪುರದಾಗ ಒಬ್ಬ ಹೆಣ್ಣುಮಗಳು ಮಣ್ಣು ಮಾರ್ತಾಳ, ಅದನ್ನ ಹಾಕಿದ ಮ್ಯಾಲೆ ಹಿಂಗಾತು. ಎಲ್ರೂ ಹಾಕ್ರಿ.’

ಡೇರೆ ಬಳ್ಳಿಯಲ್ಲ. ಸೊಂಟದೆತ್ತರ ಬಂದರೂ ಕೋಲು ಕಟ್ಟಿ ನಿಲ್ಲಿಸಬೇಕಾದ ಗಿಡ ಅದು. ಸಾಗರದ ಮೇಷ್ಟರೊಬ್ಬರು, ‘ಹಬ್ಬಿದ್ದು ಡೇರೆಯೇ ಹೌದಾ ಸ್ವಾಮಿ, ಇಲ್ಲಾ ಹೀರೆಯಾ?’ ಎಂದು ಬರೆದರು. ಇನ್ನೊಬ್ಬರು, ‘ಫೋಟೊ ಹಾಕಿ ಅಣ್ಣಾ, ನಾವೂ ಕಣ್ಣು ತುಂಬ ನೋಡುವ’ ಎಂದರು. ಹೂವಿನ ಪ್ರೇಮಿ ಹಿಂಜರಿಯದೆ ಫೋಟೊ ಹಾಕಿದರು. ಪಕ್ಕದ ಮನೆಯವರ ಕಾಗದದ ಹೂವಿನ ಬಳ್ಳಿ ನಮ್ಮ ಗೇಟಿನ ಮೇಲೆ ಧಾರಾಳವಾಗಿ ಹಬ್ಬಿತ್ತು. ಅದರ ಕೆಳಗೆ ನನ್ನ ಮಣ್ಣಿನ ಚೀಲಗಳು. ಚೀಲಗಳ ಪಕ್ಕದಲ್ಲಿ ಸೆರಗು ಸಿಕ್ಕಿಸಿದ ಹಾಗೆ ದುಪಟ್ಟಾ ಸೊಂಟಕ್ಕೆ ಬಿಗಿದು, ಬೆನ್ನು ತಿರುಗಿಸಿ ಮಣ್ಣು ಕಲಸುತ್ತಿದ್ದ ನಾನು. ಹುಟ್ಟುಹಬ್ಬದ ಫೋಟೊವನ್ನೂ ಎಲ್ಲಿಯೂ ಹಾಕದವಳ ಬೆನ್ನನ್ನು ಮೂರು ತಾಲ್ಲೂಕಿನ ಹೂವಿನವರು ಒಟ್ಟಿಗೆ ನೋಡಿದರು.

‘ಇದೇನು ಮಾಡಿದ್ರಿ ಅಪ್ಪಾಜಿ?’ ಎಂದೆ.

‘ಯಾಕವ್ವಾ, ಫೋಟೊ ಚಲೋ ಬಂದಿಲ್ಲೇನು?’

‘ಅಲ್ಲಿ ಹಂಗೆಲ್ಲ ಹೇಳಬಾರದು. ಅದು ಸುಳ್ಳು.’

‘ಸಂತ್ಯಾಗ ನಮ್ಮವನೇ ಒಬ್ಬ ಗಿರಾಕಿ ಹಂಗ ನಿಂತು ಭಾಳ ಚಲೋ ಐತಿ ಅಂತಾನ. ನಾಲ್ಕು ಮಂದಿ ನೆರೀತಾರ. ಅದು ಸುಳ್ಳೇನು? ನಿನ್ನ ಮಣ್ಣು ಚಲೋ ಐತೋ ಇಲ್ಲೋ?’

‘ಇದೆ.’

‘ಮತ್ತ?’

ನಾನು ಒಳಗೆ ಹೋಗಿ ಫೋನು ಹಿಡಿದು ಕೂತೆ. ನನ್ನನ್ನು ಗುಂಪಿನಿಂದ ತೆಗೆಯುತ್ತಾರೆ, ಮೇಜು ಹೋಯಿತು ಎಂದು ನಿಶ್ಚಯವಾಯಿತು. ಮೇಜು ಹೋದರೆ ಚೀಲ ಉಳಿಯುತ್ತವೆ, ಅಷ್ಟೇ. ಆದರೆ ನಾನು ಬಾಯಿಬಿಟ್ಟು ನಾಲ್ಕು ಮಾತಾಡುವ ಜಾಗ ಅದೊಂದೇ ಆಗಿತ್ತು. ಸಂಜೆಯವರೆಗೆ ಬರೆದು ಅಳಿಸಿ ಕೊನೆಗೆ ಇಷ್ಟು ಹಾಕಿದೆ: ‘ಇವರು ನನ್ನ ತಂದೆ. ಮಣ್ಣು ಮಾರುವವಳು ನಾನು. ಫೋಟೊದಲ್ಲಿರುವುದು ಪಕ್ಕದ ಮನೆಯವರ ಕಾಗದದ ಹೂವು. ಅದಕ್ಕೆ ನನ್ನ ಮಣ್ಣು ಹಾಕಿಲ್ಲ. ಎಲ್ಲರೂ ಕ್ಷಮಿಸಬೇಕು.’

ಸ್ವಲ್ಪ ಹೊತ್ತಿಗೆ ಅಪ್ಪಾಜಿಯ ಫೋನು ಹೊಡೆದುಕೊಂಡಿತು. ಅವರು ಫೋನಿನಲ್ಲಿ ಮಾತಾಡುವುದೇ ಇಡೀ ಓಣಿಗೆ ಕೇಳುವ ಹಾಗೆ, ಸ್ಪೀಕರ್ ಹಾಕಿಕೊಂಡು.

‘ಅಣ್ಣಾ, ನಾನು ಸೊರಬದ ಬಳೆ ಅಂಗಡಿ ಮುಮ್ತಾಜ್.’

‘ಹೇಳ್ರಿ ತಂಗಿ.’

‘ನಾನೂ ವ್ಯಾಪಾರದವಳೇ ಮಾರಾಯ್ರೆ. ನಮ್ಮ ನಾದಿನಿ ಅಂಗಡೀಲಿ ಗಿರಾಕಿ ಹಾಂಗೆ ಕೂತು, ಅಯ್ಯೋ ಈ ಬಳೆ ಎಷ್ಟು ಚಂದ ಅಂತಿದ್ಲು. ನಂಗೆ ಗೊತ್ತಿಲ್ಲದ್ದಲ್ಲ.’

ಅಪ್ಪಾಜಿ ನನ್ನ ಕಡೆ ಗೆದ್ದವರಂತೆ ನೋಡಿದರು. ‘ಅದನ್ನೇ ನಾನೂ ಹೇಳೋದ್ರಿ ಈಕಿಗೆ!’

‘ಆದ್ರೆ ಅಂಗಡಿಗೆ ಬರೋರು ಕೊಳ್ಳಕ್ಕೆ ಅಂತನೇ ಬರ್ತಾರೆ. ಗುಂಪಿಗೆ ಬರೋರು ನೆಂಟರ ಮನೆಗೆ ಬಂದಾಂಗೆ ಬರ್ತಾರೆ. ಊಟಕ್ಕೆ ಕೂತ ನೆಂಟರ ಎಲೆ ಮುಂದೆ ತಕ್ಕಡಿ ಇಡ್ತಾರಾ ಅಣ್ಣಾ?’

ಅಪ್ಪಾಜಿ ಫೋನನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. ಅವರ ಅಂಗಡಿಯ ಇಷ್ಟು ವರ್ಷಗಳಲ್ಲಿ ಅವರನ್ನು ಒಂದೇ ಮಾತಿನಲ್ಲಿ ನಿಲ್ಲಿಸಿದವರನ್ನು ನಾನು ಕಂಡಿರಲಿಲ್ಲ. ಕೊನೆಗೆ, ‘ಇಡಬಾರದ್ರಿ’ ಎಂದರು.

‘ನಿಮ್ಮ ಮಗಳನ್ನ ತೆಗೆಯೋದಿಲ್ಲ. ಆಕೆ ಇದ್ದದ್ದು ಇದ್ದಾಂಗೆ ಹೇಳಿದಾಳೆ. ಹೂವಿನ ಪ್ರೇಮಿ ಅಂತ ಬಂದೋರು ನೀವು. ಒಂದು ಗಡ್ಡೆ ಬಸ್ಸಿಗೆ ಹಾಕಿ ಕಳಿಸ್ತೀನಿ. ನೀವೇ ನೆಟ್ಟು ನೋಡ್ಕೊಳ್ಳಿ. ಬಂದ್ರೆ ಬಂದಿದ್ದು, ಸತ್ರೆ ಸತ್ತಿದ್ದು, ಫೋಟೊ ಹಾಕಿ. ಅಲ್ಲಿ ತನಕ ಮಗಳಿಗೆ ಮೇಜಿಲ್ಲ.’

ಹೀಗೆ ನನ್ನ ಭವಿಷ್ಯ ಅಪ್ಪಾಜಿಯ ಕುಂಡಕ್ಕೆ ಬಿತ್ತು. ಬಸ್ಸಿನಿಂದ ಗಡ್ಡೆ ಇಳಿಸಿಕೊಂಡು ಬಂದು ನನ್ನ ಮಣ್ಣಿನಲ್ಲೇ ನೆಟ್ಟರು. ಮೊಳಕೆ ಬಂದ ದಿನ ಅಂಗಡಿ ತಡವಾಗಿ ತೆರೆಯಿತು. ನೀರು ಹೆಚ್ಚಾಯಿತು ಎಂದು ನಾನು ಹೇಳಿದರೆ, ‘ಬಾಯಾರಿದ ಜೀವಕ್ಕ ಲೆಕ್ಕ ಮಾಡಿ ನೀರು ಹಾಕ್ತಾರೇನು?’ ಎನ್ನುತ್ತಿದ್ದರು. ಒಂದು ದಿನ ಕುಂಡದ ಸುತ್ತ ಇರುವೆಯ ಸಾಲು ಕಂಡಿತು. ಕೇಳಿದರೆ, ಗಿಡ ಸೊರಗಿದ ಹಾಗೆ ಕಂಡದ್ದರಿಂದ ಬೆಲ್ಲದ ನೀರು ಹಾಕಿದ್ದರಂತೆ. ಅದೂ ಅಂಗಡಿಯ ಒಳ್ಳೆಯ ಬೆಲ್ಲ. ವಾರ ಕಳೆಯುವುದರಲ್ಲಿ ಗಡ್ಡೆ ಕೊಳೆತು ಗಿಡ ತಲೆ ಬಾಗಿಸಿತು. ಅಪ್ಪಾಜಿ ಅವತ್ತು ಸರಿಯಾಗಿ ಉಣ್ಣಲಿಲ್ಲ.

ಮಾರನೆಯ ದಿನ ಅವರು ಗುಂಪಿನಲ್ಲಿ ಬರೆದದ್ದನ್ನು ನಾನು ಅಂಗಳದಲ್ಲಿ ನಿಂತು ಓದಿದೆ. ‘ಮುಮ್ತಾಜ್ ತಂಗಿ ಕೊಟ್ಟ ಗಡ್ಡೆ ಸತ್ತೋತು. ಮಣ್ಣಿಂದು ತಪ್ಪಿಲ್ಲ ಅಂತ ಬರಿಯಾಕ ಹೊಂಟಿದ್ದೆ. ಹಂಗ ಬರದ್ರ ಮತ್ತ ಮಣ್ಣು ಮಾರಿದಂಗ ಆಗ್ತೈತಿ. ಅದಕ್ಕ ಬರಿಯಾಂಗಿಲ್ಲ. ಬೆಲ್ಲದ ನೀರು ಹಾಕಿದಾಂವ ನಾನು.’ ಜೊತೆಗೆ ಬಾಡಿದ ಗಿಡದ ಫೋಟೊ. ಇಷ್ಟು ಸಭ್ಯವಾದ ಮಾತನ್ನು ನಾನು ಯಾವ ಸಂಶೋಧನಾ ಪತ್ರಿಕೆಯಲ್ಲೂ ಓದಿಲ್ಲ. ಗುಂಪಿಗೆ ಗುಂಪೇ ಸಮಾಧಾನ ಹೇಳಲು ಬಂತು. ಮೇಷ್ಟರು ತಮ್ಮ ಮನೆಯ ಅಪರೂಪದ ಹಳದಿ ಗಡ್ಡೆಯನ್ನೇ ಕಳಿಸಿದರು. ಮುಮ್ತಾಜಕ್ಕ ನನಗೆ ಮಾತ್ರ ಒಂದು ಸಾಲು ಬರೆದರು: ‘ಮೇಜು ಬಾಗಿಲ ಹತ್ತಿರ ಹಾಕಿಸ್ತೀನಿ, ಅಣ್ಣನ್ನೂ ಕರ್ಕೊಂಡು ಬಾ.’

ಶ್ರಾವಣದ ಆ ಭಾನುವಾರ ಮಂಟಪದ ತುಂಬ ಡೇರೆ. ಅಪ್ಪಾಜಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನ ಮೇಜಿನ ಪಕ್ಕ ಕೂತಿದ್ದರು. ಬಂದವರಲ್ಲಿ ಹೆಚ್ಚಿನವರು ಅವರನ್ನು ಮಾತಾಡಿಸಲೆಂದೇ ನಿಲ್ಲುತ್ತಿದ್ದರು, ನಿಂತವರಲ್ಲಿ ಕೆಲವರು ಚೀಲ ಕೊಳ್ಳುತ್ತಿದ್ದರು. ತಾರಸಿಯಲ್ಲಿ ಕುಂಡ ಇಟ್ಟಿರುವ ಒಬ್ಬ ಹೆಂಗಸು ಬಂದು ಚೀಲ ಎತ್ತಿ ನೋಡಿದರು. ಅಪ್ಪಾಜಿ ನಿಧಾನವಾಗಿ, ‘ತಾರಸಿ ಮ್ಯಾಲಿಡಾಕ ನಮ್ಮದು ಭಾರ ಆಗ್ತೈತ್ರಿ. ಆ ಕಡೆ ಮೇಜಿನ್ಯಾಗ ತೆಂಗಿನ ನಾರಿಂದು ಐತಿ, ಹಗುರ. ಅದನ್ನ ನೋಡ್ರಿ’ ಎಂದರು.

ಅವರು ಹೇಳಿದ್ದು ಅಕ್ಷರಶಃ ಸರಿ. ಗುಂಪಿನ ಮರ್ಯಾದೆಗೆ ತಕ್ಕ ಮಾತು. ಮಣ್ಣಿನ ವಿಜ್ಞಾನವೂ ಅದನ್ನೇ ಹೇಳುತ್ತದೆ. ನಾನು ತಲೆದೂಗಬೇಕಿತ್ತು. ಆದರೆ ಆ ಹೆಂಗಸಿನ ಕೈ ಚೀಲ ಬಿಟ್ಟದ್ದನ್ನು ಕಂಡದ್ದೇ ತಡ, ಒಂದು ದೊಡ್ಡ ಧ್ವನಿ ಕೇಳಿತು: ‘ಇಲ್ಲ ರೀ, ಭಾರ ಏನಿಲ್ಲ! ಇಂಥ ಮಣ್ಣು ಈ ಜಿಲ್ಲೆಯಲ್ಲೇ ಎಲ್ಲೂ ಸಿಗಲ್ಲ, ತಗೊಳ್ಳಿ!’ ಯಾರದೆಂದು ನೋಡಿದರೆ ನನ್ನದೇ. ‘ಸಾಮಾನ್ಯವಾಗಿ’ ಇಲ್ಲ, ‘ಕೆಲವು ಸಂದರ್ಭಗಳಲ್ಲಿ’ಯೂ ಇಲ್ಲ. ಅರ್ಧ ಮಂಟಪ ತಿರುಗಿ ನೋಡಿತು. ಆ ಹೆಂಗಸು ಒಂದು ಹೆಜ್ಜೆ ಹಿಂದೆ ಸರಿದು, ನಕ್ಕು, ಸೀದಾ ತೆಂಗಿನ ನಾರಿನ ಮೇಜಿಗೆ ಹೋದರು.

ಅಪ್ಪಾಜಿ ತಲೆ ಅಲ್ಲಾಡಿಸಿದರು. ‘ಹಂಗ ಮೈಮ್ಯಾಲೆ ಬಿದ್ದು ಹೇಳಿದ್ರ ಯಾರು ತಗೋತಾರವ್ವಾ? ಇಷ್ಟು ದಿನ ಗುಂಪಿನ್ಯಾಗಿದ್ದು ಏನು ಕಲ್ತಿ ನೀನು?’

ನಾನು ಆ ಚೀಲ ಎತ್ತಿ ಮತ್ತೆ ಸಾಲಿಗೆ ಸೇರಿಸಿದೆ. ಭಾರವೇ ಇತ್ತು.