ಮೂಡಲಗಿರಿಯಪ್ಪ ಬಿಡಿಸಿದ ಮಸಿ

ಒಂದು ಬಕೆಟ್ಟು. ಮನುಷ್ಯನಾಗಿ ಹುಟ್ಟಿದವನು, ಅದೂ ಶನಿವಾರ, ಅದೂ ಮೈತುಂಬ ಹರಳೆಣ್ಣೆ ಹಚ್ಚಿಕೊಂಡ ಮೇಲೆ, ಒಂದೇ ಬಕೆಟ್ಟಿನಲ್ಲಿ ಸ್ನಾನ ಮುಗಿಸಬೇಕಂತೆ. ಸೊಸೆ ಲೋಹಿತಾ ಹೊರಡಿಸಿದ ಈ ರಾಜಾಜ್ಞೆ ಕೇಳಿ ಚನ್ನರಾಯನದುರ್ಗದ ಮೂಡಲಗಿರಿಯಪ್ಪನಿಗೆ ನೆತ್ತಿ ಕಾದುಹೋಯಿತು. ಲೋಹಿತಾ ಕೊರಟಗೆರೆಯಲ್ಲಿ ಮೇಡಂ. ಶಾಲೆಯಲ್ಲಿ ಪರಿಸರದ ಪಾಠ ಮಾಡಿ ಮಿಕ್ಕಿದ್ದನ್ನು ಮನೆಗೆ ತಂದು ಮಾವನ ತಲೆಗೆ ಸುರಿಯುತ್ತಾಳೆ (ನೀರನ್ನು ಮಾತ್ರ ಸುರಿಯಗೊಡುವುದಿಲ್ಲ).

"ಬೋರಲ್ಲಿ ನೀರು ಕೆಳಗೋಗೈತೆ ಮಾವ. ನೀವು ಹಂಡೆಗಟ್ಟಲೆ ಉಯ್ಕೊಂಡ್ರೆ ಹೆಂಗೆ?"

"ನನಗೆ ಹೇಳಕ್ಕೆ ಬರ್ತೀಯೇನಮ್ಮ? ಮುಸುರೆ ಎಮ್ಮೆಗೆ, ಸಗಣಿ ತಿಪ್ಪೆಗೆ, ಹರಿದ ಪಂಚೆ ಮಸಿಬಟ್ಟೆಗೆ. ಈ ಮನೇಲಿ ನಾನು ಏನನ್ನ ಬಿಸಾಕಿದೀನಿ ಹೇಳು. ಬಾಟ್ಲುಗಟ್ಟಲೆ ಸೋಪು ತಂದು ಪಾತ್ರೆ ತೊಳೆಯೋರು ನೀವು. ಆ ನೊರೆ ಬಿಡಿಸಕ್ಕೆ ಎಷ್ಟು ಬಿಂದಿಗೆ ಉಯ್ತೀರ? ಅದು ಯಾರಿಗೂ ಕಾಣಲ್ಲ. ಮುದುಕನ ಬೆನ್ನ ಮೇಲೆ ಬಿದ್ದಿದ್ದು ಮಾತ್ರ ಕಾಣ್ತದೆ."

ಹೆಂಡತಿ ಹನುಮಕ್ಕ ಅವರೆಕಾಯಿ ಸುಲಿಯುತ್ತಲೇ ಅಂದಳು: "ಬಾಯಲ್ಲೇ ಬೆಳಗ್ಬೇಡ ಕಣಯ್ಯ. ತೊಳ್ದು ತೋರ್ಸು."

"ತೋರಿಸ್ತೀನಿ. ಇವತ್ತಿನ ಪಾತ್ರೆ ನಂದು. ಸೋಪು ಮುಟ್ದೆ, ಎರಡು ಬಕೆಟ್ಟಲ್ಲಿ ಮುಗಿಸ್ತೀನಿ. ಮುಗಿಸಿದ್ರೆ ನನ್ನ ಸ್ನಾನಕ್ಕೆ ಯಾರೂ ಬಾಯಾಕಂಗಿಲ್ಲ."

"ಆಗ್ಲಿ ಮಾವ," ಎಂದಳು ಸೊಸೆ.

ಹಂಡೆ ಒಲೆಯ ಬೂದಿ, ಹುಣಸೆಹಣ್ಣು, ಹಿಡಿ ತೆಂಗಿನ ನಾರು. ಎಣ್ಣೆಮೈಯಲ್ಲೇ ಮೂಡಲಗಿರಿಯಪ್ಪ ರಣರಂಗಕ್ಕಿಳಿದ. ಹಿತ್ತಾಳೆ ಚೊಂಬು ಮದುವೆ ಹೆಣ್ಣಿನಂತೆ ಮಿಂಚಿತು. ಸಾರಿನ ಪಾತ್ರೆಯಲ್ಲಿ ಮುಖ ಕಂಡಿತು. ಕೊನೆಗೆ ಕೈಗೆ ಸಿಕ್ಕಿದ್ದು ದೋಸೆ ಕಾವಲಿ. ಕರ್ರಗೆ, ಕಾಡಿಗೆ ಮೆತ್ತಿದ ಹಾಗೆ. ಓದಿದ ಹೆಂಗಸು ಇರುವ ಮನೆಯ ಕಾವಲಿ ಇದು! ಪರಿಸರ ಆಮೇಲೆ ಕಾಪಾಡಲಿ, ಮೊದಲು ಇಷ್ಟು ಮಸಿ ಬಿಡಿಸಬಾರದೇ? ಬೂದಿಗೆ ಮರಳು ಬೆರೆಸಿದ. ಹಲ್ಲು ಕಚ್ಚಿ, ದುರ್ಗದ ಬಂಡೆಯನ್ನೇ ಬೆಳ್ಳಗೆ ಮಾಡುವವನ ಹಾಗೆ ತಿಕ್ಕಿದ. ತೋಳು ಬಿದ್ದುಹೋಗುವ ಹೊತ್ತಿಗೆ ಕಾವಲಿ ಫಳಫಳ ಅಂದಿತು.

"ಏನಮ್ಮ ಲೋಹಿತಾ, ತಂದಾಗಿಂದ ಒಂದಿನಾನಾದ್ರೂ ಇದನ್ನ ನೆಟ್ಟಗೆ ತೊಳ್ದಿದ್ರಾ? ನೋಡು, ಒಳಗೆ ಬೆಳ್ಳಿ ಐತೆ."

ಲೋಹಿತಾ ಕಾವಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಮಾವ, ಅದು ಮಸಿ ಅಲ್ಲ. ದೋಸೆ ಅಂಟದಂಗೆ ಕಂಪ್ನಿಯೋರೇ ಹಚ್ಚಿರೋದು."

"ಕಂಪ್ನಿಯೋರು ಮಸಿ ಬಳ್ದು ಮಾರ್ತಾರೆ, ನೀವು ದುಡ್ಡು ಕೊಟ್ಟು ತರ್ತೀರ. ಅದಕ್ಕೂ ನನ್ನನ್ನೇ ಬೈರಿ."

"ಬೈತಿಲ್ಲ ಮಾವ. ಸೋಪು ಮುಟ್ಟಿಲ್ಲ, ಬಕೆಟ್ಟಲ್ಲಿ ನೀರೂ ಉಳಿದೈತೆ. ಗೆದ್ದಿದೀರ, ಹೋಗಿ ಸ್ನಾನ ಮಾಡಿ."

ಚಕ್ರವರ್ತಿಯ ಗತ್ತಿನಲ್ಲಿ ಮೂಡಲಗಿರಿಯಪ್ಪ ಬಚ್ಚಲು ಹೊಕ್ಕ. ಹಂಡೆಯ ನೀರು ಹದವಾಗಿ ಕಾದಿತ್ತು. ಹೆಗಲ ಮೇಲೆ ಎರಡು ಚೊಂಬು ಬಿದ್ದಿತ್ತೋ ಇಲ್ಲವೋ, ಬಾಗಿಲು ತೆರೆಯಿತು. ಬೆನ್ನು ತಿಕ್ಕಲು ವಾರವಾರವೂ ಬರುವ ಹನುಮಕ್ಕ, ಸೀರೆ ಎತ್ತಿ ಕಟ್ಟಿ ನಿಂತಿದ್ದಳು. ಕೈಯಲ್ಲಿ ಸೀಗೆಪುಡಿ ಇರಲಿಲ್ಲ. ಮರಳು ಬೆರೆತ ಬೂದಿ ಇತ್ತು, ನಾರು ಇತ್ತು.

"ಹೂವಿನಂಗೆ ದೋಸೆ ಏಳ್ತಿತ್ತು ಕಣಯ್ಯ ನನ್ನ ಕಾವಲಿ ಮೇಲೆ. ತಿರುಗು ಆ ಕಡೆ. ಇಷ್ಟು ವರ್ಷ ನಾನೂ ನೆಟ್ಟಗೆ ತಿಕ್ಕಿಲ್ಲ. ಒಳಗೆ ಬೆಳ್ಳಿ ಐತೇನೋ ನೋಡೇಬುಡ್ತೀನಿ."

ಮೂಡಲಗಿರಿಯಪ್ಪ ಎಣ್ಣೆ ಜಿಡ್ಡಿನ ಮೇಲೇ ಪಂಚೆ ಸುತ್ತಿಕೊಂಡು ಹಜಾರಕ್ಕೆ ಓಡಿ ಬಂದ. ಲೋಹಿತಾ ಬಚ್ಚಲಿಗೆ ಇಣುಕಿದಳು. ಹಂಡೆ ತುಂಬಿದ ಹಾಗೇ ಇತ್ತು.

"ಅರ್ಧ ಬಕೆಟ್ಟೂ ಖರ್ಚಾಗಿಲ್ಲ ಮಾವ," ಅಂದಳು, ನಿಜವಾದ ಗೌರವದಿಂದ. "ಸೋಮವಾರ ಮಕ್ಕಳಿಗೆ ನಿಮ್ಮ ಹೆಸರೇ ಹೇಳ್ತೀನಿ."