ಒಗೋಲನ ಬಿರುದಾವಳಿ

ಮಗಳ ಮೊದಲ ಆಲ್ಬಂ ಬರುತ್ತಿದೆ, ಅದರಲ್ಲಿ ಹೆತ್ತಪ್ಪನ ಹೆಸರೇ ಇಲ್ಲವೆಂದರೆ ಏನು ಮರ್ಯಾದೆ? ಇದು ಒಗೋಲನ ಸಂಕಟ. ಸರೋವರದ ದಂಡೆಯ ಅವನ ಸೀಮೆಯಲ್ಲಿ ಹಾಡು ಹಿಡಿಸಿದವನು ಸುಮ್ಮನೆ ತಲೆದೂಗುವುದಿಲ್ಲ. ಎದ್ದು ನಿಂತು, ಕೈಯೆತ್ತಿ ವಾದ್ಯದ ತಂತಿ ನಿಲ್ಲಿಸಿ, ತನ್ನ ಬಿರುದುಗಳನ್ನೆಲ್ಲ ತಾನೇ ಸಾರಿಕೊಳ್ಳುತ್ತಾನೆ. ಆಮೇಲೆ ಹಾಡು ಮುಂದುವರಿಯಬೇಕು. ಈ ಆತ್ಮಸ್ತುತಿಯಲ್ಲಿ ಒಗೋಲ ಸಾರ್ವಭೌಮ. (ಅವನು ಎದ್ದನೆಂದರೆ ಹಾಡುಗಾರರು ಊಟ ಮುಗಿಸಿಕೊಂಡು ಬರುತ್ತಿದ್ದರು.)

“ಅಪ್ಪಾ, ಅದು ಮದುವೆ ಮನೆಯಲ್ಲ, ಸ್ಟುಡಿಯೋ. ಬಾಯಿಗೆ ಬೀಗ ಹಾಕ್ಕೊಂಡಿರೋದಾದ್ರೆ ಬಾ,” ಎಂದಳು ಮಗಳು ಅಪೊಂಡಿ, ನ್ಯಾತಿತಿ ವಾದ್ಯದ ಎಂಟು ತಂತಿಗಳನ್ನು ಬಿಗಿಯುತ್ತ.

“ಯಾರೂ ನಿಲ್ಲಿಸದೇ ಇರೋ ಹಾಡು ಒಂದು ಹಾಡೇನೇ? ಯಾರಿಗೂ ಹಿಡಿಸಿಲ್ಲ ಅಂದ್ಕೋತಾರೆ ಜನ!”

“ಅಮ್ಮ ಇದ್ದಿದ್ರೆ ನಿನ್ನ ಗದರಿಸಿ ಕೂರಿಸ್ತಿದ್ಲು.”

ಒಗೋಲ ಎದ್ದು ಹೊರಡುವ ಅಂಗಿ ತೊಟ್ಟುಕೊಂಡ. ಅವನ ಹೆಂಡತಿ ಅವಿನೋ ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು.

ಕಿಸುಮು ಪಟ್ಟಣದ ಸ್ಟುಡಿಯೋದಲ್ಲಿ ಮೊದಲ ಹಾಡು ಏರುವಷ್ಟರಲ್ಲೇ ಚಟ ಗೆದ್ದಿತು. “ನಿಲ್ಲಿಸು ತಂತಿ! ನಾನು ಒಗೋಲ, ಒಬಾರನ ಮಗ, ಮೊಸಳೆಗೇ ಈಜು ಕಲಿಸಿದ ಗಂಡು!” ಮುಂದಿನ ಹಾಡಿನಲ್ಲಿ ಹೋರಿಯಾದ, ಅದರ ಮುಂದಿನದರಲ್ಲಿ ಸಿಡಿಲಾದ. ಧ್ವನಿಮುದ್ರಣದವನು ಹೆಡ್‌ಫೋನ್ ಕಿತ್ತೆಸೆದು, “ಯಜಮಾನ್ರೇ, ಸಿಡಿಲು ಹೊರಗಡೆ ಬೀಳ್ಲಿ,” ಎಂದು ಜಗಲಿಗೆ ದಬ್ಬಿ ಬಾಗಿಲು ಹಾಕಿಕೊಂಡ.

ಕೊನೆಯ ಹಾಡಿಗೆ ಅಪೊಂಡಿಯೇ ಬಂದು ಕರೆದಳು. “ಇದು ಅಮ್ಮನ ಹಾಡು. ನಡುವೆ ನಾನೇ ತಂತಿ ನಿಲ್ಲಿಸ್ತೀನಿ. ನಿನ್ನ ನೀನು ಹೊಗಳ್ಕೊಂಡಿದ್ದು ಸಾಕು, ಅವಳನ್ನ ಹೊಗಳು.”

ಹಾಡಿನಲ್ಲಿ ಅವಿನೋ ಮೀನು ಒಣಗಿಸಿದಳು, ಕಾಗೆ ಓಡಿಸಿದಳು, ಗಂಡನನ್ನು ಬೈದಳು. ತಂತಿ ನಿಂತಿತು. ಒಗೋಲ ಎದೆಯುಬ್ಬಿಸಿ ಎದ್ದ.

“ನಾನು…”

ಅಭ್ಯಾಸಬಲ. ಆದರೆ ಮುಂದಿನದು ಬರಲಿಲ್ಲ. ಮದುವೆ ಮನೆಯಿರಲಿ, ಸಾವಿನ ಮನೆಯಿರಲಿ, ಅವನು ಬಾಯಿ ತೆರೆದೊಡನೆ ಹೆಂಗಸರ ನಡುವಿನಿಂದ ಮೊದಲ ಕೇಕೆ ಹಾಕುತ್ತಿದ್ದವಳು ಅವಿನೋ. ಆ ಕೇಕೆ ಕಿವಿಗೆ ಬಿದ್ದ ಮೇಲೆಯೇ ಅವನಿಗೆ ಮುಂದಿನ ಬಿರುದು ಹೊಳೆಯುತ್ತಿತ್ತು. ತನಗೆ ಇಷ್ಟೆಲ್ಲ ಕಟ್ಟಿಕೊಂಡವನು ಅವಳಿಗೆಂದು ಒಂದೇ ಒಂದು ಬಿರುದನ್ನೂ ಕಟ್ಟಿರಲಿಲ್ಲ. ಹುಡುಕಿದ. ಮೂಗು ಸೋರಿತು, ಸೊರ್ ಎಂದು ಎಳೆದುಕೊಂಡ.

“ಯಜಮಾನ್ರೇ, ಸ್ವಲ್ಪ ಜೋರಾಗಿ,” ಎಂದ ಧ್ವನಿಮುದ್ರಣದವನು. “ಮಾತು ಕೇಳಿಸ್ತಿಲ್ಲ.”

“ಇರ್ಲಿ ಬಿಡಿ,” ಎಂದು ಅಪೊಂಡಿ ಕಣ್ಣೊರೆಸಿಕೊಂಡು ಮತ್ತೆ ತಂತಿ ಮೀಟಿದಳು.

ಆಲ್ಬಂ ಬಂತು. ಮೊಸಳೆ, ಹೋರಿ, ಸಿಡಿಲುಗಳಿಗೆಲ್ಲ ಕತ್ತರಿ ಬಿದ್ದಿತ್ತು. ಸರೋವರದ ದಂಡೆಯ ಬಸ್ಸುಗಳಲ್ಲೆಲ್ಲ ಅವಿನೋಳ ಹಾಡೇ ಹಾಡು. ಒಂದು ದಿನ ಪಕ್ಕದಲ್ಲಿ ಕೂತಿದ್ದವನು ಒಗೋಲನ ಪಕ್ಕೆ ತಿವಿದ.

“ಯಾರೋ ಮಾರಾಯ ಇವ್ನು, ನಡುವೆ ಮೂಗು ಸೊರ್ ಸೊರ್ ಅನ್ನಿಸೋನು?”

ಒಗೋಲ ಕಿಟಕಿಯತ್ತ ಮುಖ ತಿರುಗಿಸಿದ.

“ಯಾರೋ ಏನೋ. ಪಾಪ, ಹೆಂಡ್ತಿ ಸತ್ತೋನಿರಬೇಕು.”