ಚೀಲ ಚುಚ್ಚಿ ನೋಡಿದ ಜಪಾನಿ ಮೊಲ

ಕಳಸದ ಪೇಟೆಯಲ್ಲಿ ನನ್ನದೊಂದು ಕಾಫಿ ಖರೀದಿ ಅಂಗಡಿ ಇದೆ. ಅಂಗಡಿ ಸಣ್ಣದು. ಅದರ ಯಜಮಾನನ ಜಂಬ ಮಾತ್ರ ಆಗ ಗೋದಾಮು ಹಿಡಿಸದಷ್ಟಿತ್ತು. ಬೆಳೆಗಾರರು ಜೀಪಿನಿಂದ ಚೀಲ ಇಳಿಸುತ್ತಿದ್ದರು. ನಾನು ಕುರ್ಚಿಯಿಂದ ಎದ್ದು, ಹಿತ್ತಾಳೆಯ ಚೂಪು ಕೊಳವೆಯನ್ನು ಚೀಲಕ್ಕೆ ಚುಚ್ಚಿ, ಅಂಗೈಗೆ ಬಿದ್ದ ಕಾಳನ್ನು ಮೂಸಿ, ಒಂದನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ತೀರ್ಪು ಕೊಡುತ್ತಿದ್ದೆ. ಬಗ್ಗಿದರೆ ಸೊಂಟ ಹಿಡಿಯುತ್ತಿದ್ದುದರಿಂದ ಚುಚ್ಚುತ್ತಿದ್ದುದು ಯಾವಾಗಲೂ ಚೀಲದ ಬಾಯಿಯ ಹತ್ತಿರವೇ. ಆದರೂ ನನ್ನ ತೀರ್ಪಿಗೆ ಎದುರು ಮಾತಿರಲಿಲ್ಲ. ಕಾಫಿ ವ್ಯಾಪಾರಿ ಬದುಕುವುದೇ ಅವನ ಕಣ್ಣಿನ ಮೇಲೆ ಊರಿಗಿರುವ ನಂಬಿಕೆಯಿಂದ. ಅದೊಂದು ಹೋದರೆ ಅಂಗಡಿಗೆ ಬೀಗ ಹಾಕಬೇಕು. ಇಂಥ ಕಣ್ಣನ್ನು ಬರೀ ಕಾಫಿಗೆ ಮೀಸಲಿಡುವುದು ಸಮಾಜಕ್ಕೆ ಮಾಡುವ ದ್ರೋಹ ಎಂದು ನನಗೆ ಅನ್ನಿಸತೊಡಗಿದ್ದಾಗಲೇ ಜಪಾನಿನವರು ಕಳಸಕ್ಕೆ ಬಂದರು.

ಬಂದದ್ದು ಮನುಷ್ಯರಲ್ಲ, ಡಿಸ್ಕುಗಳು. ಆಗಷ್ಟೇ ಮನೆಮನೆಗೂ ಡಿವಿಡಿ ಪ್ಲೇಯರ್ ಬಂದಿತ್ತು. ಬಸ್ ಸ್ಟ್ಯಾಂಡಿನ ಪಕ್ಕದ ಬಾಡಿಗೆ ಡಿಸ್ಕಿನ ಅಂಗಡಿಗೆ ಆ ಬೇಸಿಗೆ ರಜೆಯಲ್ಲಿ ಒಂದು ಪೆಟ್ಟಿಗೆ ತುಂಬ ಜಪಾನಿ ಕಾರ್ಟೂನು ಬಂತು. ಮಕ್ಕಳು ಮುಗಿಬಿದ್ದರು. ಪಕ್ಕದ ಮನೆಯ ಲಲಿತಮ್ಮನ ಮಗ ಅದರಲ್ಲೊಂದನ್ನು ನೋಡಿ, ಇನ್ನು ಬಚ್ಚಲಿಗೂ ಒಬ್ಬನೇ ಹೋಗುವುದಿಲ್ಲ ಎಂದು ಹಟ ಹಿಡಿದ. ಯಾವುದನ್ನು ತೋರಿಸಬಹುದು, ಯಾವುದನ್ನು ತೋರಿಸಬಾರದು ಎಂದು ಕೇಳಿಕೊಂಡು ಲಲಿತಮ್ಮ ನಮ್ಮ ಜಗಲಿಗೆ ಬಂದರು. ಅವರು ಕೇಳಿದ್ದು ನನ್ನ ಹೆಂಡತಿ ಸುಮಿತ್ರಳನ್ನು. ಉತ್ತರ ಕೊಟ್ಟದ್ದು ನಾನು.

"ಎಲ್ಲ ಡಿಸ್ಕೂ ತಂದಿಡಿ. ನಾನು ನೋಡಿ ಗ್ರೇಡ್ ಮಾಡಿ ಕೊಡ್ತೀನಿ."

ಸುಮಿತ್ರ ಬಟಾಣಿ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ. "ಕಾಫಿಯನ್ನಾದ್ರೆ ಕಚ್ಚಿ ನೋಡ್ತೀರಿ. ಇದನ್ನ ಎಂತ ಮಾಡ್ತೀರಿ?" ಎಂದಳು.

ಇಂಥ ಕ್ಷುಲ್ಲಕ ಪ್ರಶ್ನೆಗಳಿಗೆ ಉತ್ತರ ಕೊಡುವ ಅಭ್ಯಾಸ ನನಗಿರಲಿಲ್ಲ. ಮರುದಿನವೇ ಟೀವಿಯ ಮುಂದೆ ನನ್ನ ಪೀಠ ಸ್ಥಾಪನೆಯಾಯಿತು. ಒಂಬತ್ತನೇ ಕ್ಲಾಸಿನ ಮಗಳು ಚೈತ್ರಾ ಸಹಾಯಕ್ಕೆ ಬಂದಳು. ಬಂದವಳೇ ತಿದ್ದಲು ಶುರು ಮಾಡಿದಳು. ಇದಕ್ಕೆ ಕಾರ್ಟೂನ್ ಅನ್ನಬಾರದಂತೆ, ಅನಿಮೆ ಅನ್ನಬೇಕಂತೆ. ಕೆಲವು ಚಿಕ್ಕ ಮಕ್ಕಳಿಗಂತೆ, ಕೆಲವು ದೊಡ್ಡವರಿಗೇ ಅಂತ ಮಾಡಿದ್ದಂತೆ. ಗೊಂಬೆಚಿತ್ರವನ್ನು ದೊಡ್ಡವರಿಗಾಗಿ ಬರೆಯುವಷ್ಟು ಕೆಲಸವಿಲ್ಲದವರು ಜಗತ್ತಿನಲ್ಲಿದ್ದಾರೆಂದು ನಾನು ನಂಬಲಿಲ್ಲ.

ಮೊದಲ ಡಿಸ್ಕಿನ ಹೊದಿಕೆಯ ಮೇಲೆ ಕೊಂಬು, ಕೋರೆಹಲ್ಲು, ಕೆಂಪು ಕಣ್ಣಿನ ಒಬ್ಬ ರಾಕ್ಷಸನಿದ್ದ. ಅದನ್ನು ಪ್ಲೇಯರಿಗೆ ಹಾಕುವ ಗೋಜಿಗೇ ಹೋಗಲಿಲ್ಲ. ಅಂಗಡಿಯಿಂದ ತಂದ ಮಸಿಯ ಮೊಹರನ್ನೆತ್ತಿ "ಬ್ಲ್ಯಾಕ್" ಎಂದು ಒತ್ತಿದೆ. ಕಪ್ಪಾಗಿ ಕೆಟ್ಟ ಕಾಫಿ ಬೀಜಕ್ಕೆ ನಾವು ಕೊಡುವ ಬಿರುದು ಅದು. ಆ ರಾಕ್ಷಸ ಒಳ್ಳೆಯವನು, ಕಣ್ಣಿಲ್ಲದ ಒಬ್ಬ ಅಜ್ಜಿಯನ್ನು ಸಾಕುತ್ತಾನೆ ಎಂದು ಚೈತ್ರಾ ಗೋಗರೆದಳು. ಅದು ಅವಳು ಬಹಳ ಇಷ್ಟಪಟ್ಟು ನೋಡುತ್ತಿದ್ದ ಸರಣಿಯಂತೆ. ಒಳ್ಳೆಯವನಿಗೆ ಕೊಂಬು ಯಾಕೆ ಎಂದು ಕೇಳಿ ಅವಳ ಬಾಯಿ ಮುಚ್ಚಿಸಿದೆ.

ಎರಡನೆಯದರಲ್ಲಿ ಒಂದು ಬಿಳಿ ಮೊಲ. ಬೆಟ್ಟದೂರಿನಲ್ಲಿ ಒಬ್ಬ ಹೆಂಗಸು ಬೇಕರಿ ಇಟ್ಟಿದ್ದಾಳೆ, ಮೊಲ ಅವಳಿಗೆ ಹಿಟ್ಟು ಕಲಸಿಕೊಡುತ್ತದೆ. ಬ್ರೆಡ್ಡು ಉಬ್ಬುತ್ತದೆ. ಪಕ್ಷಿಗಳು ಹಾಡುತ್ತವೆ. ನಾನು ಹತ್ತು ನಿಮಿಷ ನೋಡಿದೆ. ಅಷ್ಟರಲ್ಲಿ ಒಂದು ಕೆಟ್ಟ ಮಾತಿಲ್ಲ, ಒಂದು ಪೆಟ್ಟಿಲ್ಲ. ಸದರಿ ಸರಣಿಯು ಬಾಲಬಾಲೆಯರ ವೀಕ್ಷಣೆಗೆ ಸರ್ವಥಾ ಯೋಗ್ಯವಾದದ್ದೆಂದು ಘೋಷಿಸಿ "ಪಾಸು" ಮೊಹರು ಒತ್ತಿಯೇಬಿಟ್ಟೆ.

"ಪೂರ್ತಿ ನೋಡಿ ಹೇಳಪ್ಪ. ಇದು ನಾನೂ ನೋಡಿಲ್ಲ. ಇಂಥವು ಕೆಲವು ಮುಂದೆ ಹೋಗ್ತಾ ಬೇರೆ ಥರ ಆಗ್ತವೆ," ಎಂದಳು ಚೈತ್ರಾ.

"ನಾನು ಕಾಫಿ ಚೀಲನ ಪೂರ್ತಿ ಸುರಿದು ನೋಡ್ತೀನಾ? ಒಂದು ಹಿಡಿ ಸಾಕು."

ಹೀಗೆ ಒಂದೇ ಮಧ್ಯಾಹ್ನದಲ್ಲಿ ಇಡೀ ಪೆಟ್ಟಿಗೆಗೆ ಮೊಹರು ಬಿತ್ತು. ಸುದ್ದಿ ಹಬ್ಬಿತು. ತಾಯಂದಿರು ನಮಸ್ಕಾರ ಮಾಡತೊಡಗಿದರು. ಇಷ್ಟಕ್ಕೇ ನಿಲ್ಲಿಸಿದ್ದರೆ ಬಹುಶಃ ಬಚಾವಾಗುತ್ತಿದ್ದೆ. ಆದರೆ ಹೊಗಳಿಕೆ ಕೇಳಿದ ಮೇಲೆ ನಿಲ್ಲುವ ಜಾತಿ ನನ್ನದಲ್ಲ. ಒಳ್ಳೆಯ ಕಾರ್ಟೂನು ಎಂದರೇನೆಂದು ಊರಿಗೆ ತಿಳಿಸುವ ಸಲುವಾಗಿ, ಬೆಳೆಗಾರರ ಸಂಘದ ಹಾಲಿನಲ್ಲಿ ಮೊಲದ ಸಾರ್ವಜನಿಕ ಪ್ರದರ್ಶನ ಏರ್ಪಡಿಸಿದೆ. ಕಾಂಡಕೊರಕ ಹುಳದ ಬಗ್ಗೆ ತಿಳಿವಳಿಕೆ ಕೊಡಲು ಸಂಘದವರು ಒಂದು ಪ್ರೊಜೆಕ್ಟರ್ ತಂದಿಟ್ಟಿದ್ದರು. ಅದು ಹುಳವನ್ನು ಬಿಟ್ಟು ಬೇರೇನನ್ನೂ ತೋರಿಸಿರಲಿಲ್ಲ.

ಭಾನುವಾರ ಬೆಳಿಗ್ಗೆ ಸಂಘದ ಹಾಲ್ ಜನರಿಂದ ತುಂಬಿತು. ಮುಂದೆ ಚಾಪೆಯ ಮೇಲೆ ಮಕ್ಕಳು, ಹಿಂದೆ ಅಪ್ಪ ಅಮ್ಮಂದಿರು. ಸಂಸೆಯ ಸುಬ್ಬೇಗೌಡರು ಮೊಮ್ಮಕ್ಕಳ ಜೊತೆಗೆ ತಮ್ಮ ಮುದಿ ತಾಯಿಯನ್ನೂ ಕರೆತಂದಿದ್ದರು. ನನ್ನ ಅಂಗಡಿಗೆ ಬರುವವರಲ್ಲೆಲ್ಲ ಒಳ್ಳೆಯ ಕಾಫಿ ಬೆಳೆಯುವವರು ಅವರೇ. ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ಇಂದಿನ ಪೋಷಕರ ಬೇಜವಾಬ್ದಾರಿಯ ಬಗ್ಗೆ ಕಟುವಾಗಿ ಮಾತಾಡಿ, ನಾನು ಮುಂದಿನ ಸಾಲಿನಲ್ಲಿ ಕೂತೆ.

ಮೊದಲ ಕಂತಿನಲ್ಲಿ ಬ್ರೆಡ್ಡು ಉಬ್ಬಿತು. ಚಪ್ಪಾಳೆ. ಎರಡನೇ ಕಂತಿನಲ್ಲಿ ಊರಿನ ಜನ ಒಬ್ಬೊಬ್ಬರೇ ಕಾಣೆಯಾಗತೊಡಗಿದರು. ತನಿಖೆಗೆ ಒಬ್ಬ ಪೊಲೀಸ್ ಅಧಿಕಾರಿ ಬಂದ. ಮೂರನೇ ಕಂತಿನಲ್ಲಿ ಬೇಕರಿ ಯಜಮಾನಿಯೂ ಆ ಅಧಿಕಾರಿಯೂ ಬಿಸಿನೀರಿನ ಕೊಳಕ್ಕೆ ಇಳಿದರು. ಉಟ್ಟದ್ದನ್ನೆಲ್ಲ ದಡದಲ್ಲಿ ಬಿಟ್ಟು ಇಳಿದರು!

ನಿಲ್ಲಿಸಿ ಎಂದು ಯಾರೋ ಕೂಗಿದರು. ರಿಮೋಟು ಒತ್ತಿದೆ. ಗಾಬರಿಯಲ್ಲಿ ಒತ್ತಿದ್ದು ಧ್ವನಿ ಹೆಚ್ಚಿಸುವ ಗುಂಡಿ. ಏನು ಮಾಡಲೂ ತೋಚದೆ ಎದ್ದು ಓಡಿ, ಎರಡೂ ಕೈ ಚಾಚಿ ಪರದೆಗೆ ಅಡ್ಡ ನಿಂತೆ. ಆಗ ಇಡೀ ದೃಶ್ಯ ನನ್ನ ಬಿಳಿ ಅಂಗಿಯ ಮೇಲೆ ನಡೆಯತೊಡಗಿತು. ಯಜಮಾನಿ ನನ್ನ ಎದೆಯ ಮೇಲೆ ನಕ್ಕಳು. ಅಧಿಕಾರಿ ನನ್ನ ಹೊಟ್ಟೆಯ ಮೇಲೆ ಈಜಿದ. ಅಷ್ಟರಲ್ಲಿ ಮೊಲ ನೀರಿನಿಂದ ಎದ್ದು, ಹಿಟ್ಟು ಕಲಸುವ ಆ ಪುಟ್ಟ ಬಾಯಿಯನ್ನು ಬಾವಿಯಷ್ಟು ಅಗಲಿಸಿ, ಅಧಿಕಾರಿಯ ತಲೆಯನ್ನು ಕಚ್ಚಿ ನುಂಗಿತು. ನನ್ನ ಅಂಗಿಯೆಲ್ಲ ಕೆಂಪಾಯಿತು. ಮಕ್ಕಳು ಕಿರುಚಿದರು. ತಾಯಂದಿರು ಮಕ್ಕಳ ಕಣ್ಣು ಮುಚ್ಚಿದರು. ಆ ಗದ್ದಲದ ನಡುವೆ ಗೌಡರ ತಾಯಿಯ ಧ್ವನಿಯೊಂದು ಸ್ಪಷ್ಟವಾಗಿ ಕೇಳಿಸಿತು.

"ಸ್ವಲ್ಪ ಆಚೆ ಸರೀರಿ ಮಾರಾಯ್ರೆ. ಎಂತದೂ ಕಾಣ್ತಾ ಇಲ್ಲ."

ಕೊನೆಗೆ ಎದ್ದು ಹೋಗಿ ಗೋಡೆಯ ಸ್ವಿಚ್ಚು ಆರಿಸಿದವಳು ಚೈತ್ರಾ. ಅಲ್ಲಿದ್ದ ಅಷ್ಟೂ ದೊಡ್ಡವರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಲಲಿತಮ್ಮನ ಮಗ ಮೊದಲು ಬಚ್ಚಲಿಗೆ ಒಬ್ಬನೇ ಹೋಗುತ್ತಿರಲಿಲ್ಲ, ಈಗ ಜೊತೆಗೆ ಯಾರು ಬಂದರೂ ಹೋಗುವುದಿಲ್ಲ. ಲಲಿತಮ್ಮ ನನ್ನನ್ನು ಬೈಯಲೂ ಇಲ್ಲ. ಮರುದಿನ ಜಗಲಿಗೆ ಬಂದು, ನನ್ನನ್ನು ದಾಟಿ ಒಳಗೆ ಹೋಗಿ, ಚೈತ್ರಾಳ ಪಕ್ಕ ಕೂತರು. ಇಬ್ಬರೂ ಸೇರಿ ಒಂದೊಂದು ಸರಣಿಯನ್ನೂ ಮೊದಲಿಂದ ಕೊನೆಯವರೆಗೆ ನೋಡತೊಡಗಿದರು. ಎಲ್ಲಿ ರಕ್ತ ಬರುತ್ತದೆ, ಎಲ್ಲಿ ದೊಡ್ಡವರ ವ್ಯವಹಾರ ಬರುತ್ತದೆ, ಯಾವುದನ್ನು ಮಗುವಿನ ಜೊತೆ ಕೂತು ನೋಡಿದರೆ ಸಾಕು, ಯಾವುದು ಬೇಡವೇ ಬೇಡ ಎಂದು ಮಾತಾಡಿಕೊಂಡರು. ಸುಮಿತ್ರಳೂ ಸೇರಿಕೊಂಡಳು. ನಾನು ಬಾಗಿಲ ಸಂದಿಯಲ್ಲಿ ನಿಂತು ಕೊಂಬಿನ ರಾಕ್ಷಸನನ್ನು ನೋಡಿದೆ. ಅಜ್ಜಿ ಸಾಯುವಾಗ ನನ್ನ ಕಣ್ಣಲ್ಲಿ ನೀರು ಬಂತು. ಸುಮಿತ್ರ ತಿರುಗಿ ನೋಡಿ, "ಇದನ್ನೇ ಅಲ್ವಾ ನೀವು ಬ್ಲ್ಯಾಕ್ ಅಂದಿದ್ದು?" ಎಂದಳು.

ಮನೆಯ ಮರ್ಯಾದೆ ಹೋದರೂ ಅಂಗಡಿಯದು ಉಳಿದಿದೆ ಎಂದುಕೊಂಡಿದ್ದೆ. ಆ ವಾರವೇ ಸುಬ್ಬೇಗೌಡರು ಜೀಪಿನಲ್ಲಿ ರೊಬಸ್ಟಾ ಕಾಫಿ ತಂದರು. ಗಂಭೀರವಾಗಿ ಎದ್ದು ಕೊಳವೆ ಎತ್ತಿದೆ. ಅವರು ಚೀಲದ ಮೇಲೆ ಕೈ ಇಟ್ಟರು.

"ಚುಚ್ಚೋದು ಬೇಡ. ಸುರಿದೇ ನೋಡಿ. ಮೊನ್ನೆ ನಿಮ್ಮ ಕಣ್ಣು ಎಂಥದ್ದು ಅಂತ ಸಂಘದ ಹಾಲಿನಲ್ಲಿ ನೋಡಿದ್ವಲ್ಲ."

ಅಂಗಡಿಯಲ್ಲಿ ಇನ್ನೂ ಕೆಲವು ಬೆಳೆಗಾರರು ತಮ್ಮ ಸರದಿಗೆ ಕಾಯುತ್ತಿದ್ದರು. ಗೌಡರೇ ಹೀಗೆಂದರೆ ನಾಳೆ ಯಾರು ನನ್ನ ತೀರ್ಪು ಒಪ್ಪುತ್ತಾರೆ? ಸಿಟ್ಟು ನೆತ್ತಿಗೇರಿತು. ಕಾರ್ಟೂನು ಬೇರೆ, ಕಾಫಿ ಬೇರೆ, ಇಷ್ಟು ವರ್ಷ ನಾನು ಚುಚ್ಚಿ ಹೇಳಿದ್ದು ಒಂದಾದರೂ ಸುಳ್ಳಾಗಿದೆಯೇ ಎಂದು ಭಾಷಣ ಬಿಗಿದು, ಬೇಕಾದರೆ ನನ್ನ ಗೋದಾಮಿನ ಯಾವ ಚೀಲವನ್ನಾದರೂ ಆರಿಸಿ ಎಂದು ಸವಾಲು ಹಾಕಿದೆ. ಗೌಡರು ಗೋಡೆ ಬದಿಯ ಒಂದು ಚೀಲ ತೋರಿಸಿದರು. ಎಲ್ಲರ ಎದುರು ಅಂಗಳದಲ್ಲಿ ಸುರಿಸಿದೆ.

ಮೊದಲು ಬಿದ್ದದ್ದು ಒಳ್ಳೆಯ ಕಾಳು, ಸಾಕ್ಷಾತ್ ಉಬ್ಬಿದ ಬ್ರೆಡ್ಡು. ನಾನು ಎದೆಯುಬ್ಬಿಸಿ ಗೌಡರ ಕಡೆ ನೋಡಿದೆ. ಆಮೇಲೆ ಕಾಳು ಕಪ್ಪಾಗುತ್ತಾ ಹೋಯಿತು. ಆಮೇಲೆ ಕಡ್ಡಿ. ಆಮೇಲೆ ಜಲ್ಲಿ. ಕೊನೆಗೆ ಚೀಲ ಕೊಡವಿದಾಗ ಒಂದು ಹಳೆಯ ಹವಾಯಿ ಚಪ್ಪಲಿ ಬಿತ್ತು.

ಗೌಡರು ಅದನ್ನು ಕೋಲಿನಿಂದ ತಿರುವಿ ನೋಡಿ, "ಇದು ಮೂರನೇ ಕಂತು," ಎಂದರು.

ಕಾಯುತ್ತಿದ್ದ ಬೆಳೆಗಾರರಲ್ಲಿ ಇಬ್ಬರು ನೆಲ ನೋಡುತ್ತಿದ್ದರು. ನಾನು ಚೀಲದ ಬಾಯಿಯಲ್ಲಿ ಮಾತ್ರ ಚುಚ್ಚುತ್ತೇನೆಂದು ಇಡೀ ಸೀಮೆಗೇ ಗೊತ್ತಿತ್ತು. ಅದನ್ನು ನೋಡಿಕೊಂಡೇ ಕೆಲವರು ಕೆಳಗೆ ಕಸ ತುಂಬುತ್ತಾರೆಂದು ಗೊತ್ತಿಲ್ಲದವನು ನಾನೊಬ್ಬನೇ. ಈಗ ನನ್ನ ಅಂಗಡಿಯಲ್ಲಿ ಪ್ರತಿ ಚೀಲವನ್ನೂ ಸುರಿದೇ ನೋಡಲಾಗುತ್ತದೆ, ನಾನೇ ಬಗ್ಗಿ ಕೆದಕುತ್ತೇನೆ, ಸೊಂಟ ಹಿಡಿಯುತ್ತದೆ. ಸಾಲದ್ದಕ್ಕೆ ಗೋದಾಮಿನ ಹಳೆಯ ಚೀಲಗಳೂ ಬಾಕಿ ಇವೆ. ಆ ದಿನ ಸಿಕ್ಕಿದ್ದು ಎಡಗಾಲಿನ ಚಪ್ಪಲಿ. ಬಲಗಾಲಿನದನ್ನೂ ನಾನೇ ಒಳ್ಳೆಯ ದರ್ಜೆಯ ಕಾಫಿ ಎಂದು ಒಪ್ಪಿ ಖರೀದಿಸಿರಬೇಕು. ಯಾವ ಚೀಲದಲ್ಲಿದೆಯೋ, ಇನ್ನೂ ಸಿಕ್ಕಿಲ್ಲ.